ಜಮಖಾನೆಯೂ ಸಂಘದ ಆಸ್ತಿ
(ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಮಾಸಿಕ ಸಭೆಯಲ್ಲಿ ಆಡಿದ ಮಾತುಗಳು)



ನಾವು ವಾರಕ್ಕೊಮ್ಮೆ ಸಭೆ ಕೂಡ್ತೀವಿ. ಉಳಿತಾಯ, ಸಾಲ, ಬಡ್ಡಿ ಎಲ್ಲದರ ಲೆಕ್ಕ ಬರೀತೀವಿ. ಆದರೆ ನಾವು ಕುಂತಿರುವ ಜಮಖಾನೆಯ ಲೆಕ್ಕ ಯಾರೂ ಇಡುವುದಿಲ್ಲ. ಅದೂ ನಮ್ಮ ಉಳಿತಾಯದ ಹಣದಿಂದಲೇ ಬಂದದ್ದು. ಮದುವೆ, ತೊಟ್ಟಿಲು ಕಾರ್ಯಕ್ಕೆ ಬಾಡಿಗೆ ಕೊಟ್ಟರೆ ಸಂಘಕ್ಕೆ ನಾಲ್ಕು ಕಾಸು ತರುವ ಆಸ್ತಿ ಅದು.

ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನೆಯ ಹೆಸರು ನಾವೆಲ್ಲ ಕೇಳಿದ್ದೇವೆ. ಅದನ್ನು ನೇಯುವವರು ನಮ್ಮಂಥ ಹೆಣ್ಣುಮಕ್ಕಳೇ. ಹತ್ತಿ ನೂಲಿನಲ್ಲಿ ನವಿಲು, ಪಗಡೆ ಹಾಸಿನ ಚಿತ್ರ ಮೂಡಿಸ್ತಾರೆ. ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ. ಆದರೆ ನೇಯುವ ಮನೆಗಳು ಕಡಿಮೆಯಾಗಿವೆ. ಅಂಥ ಕೈಕೆಲಸವನ್ನು ನಾವು ಹಾಳು ಮಾಡಿದರೆ ಹೇಗ್ರಿ?

ಮೊದಲನೆಯದು ಧೂಳು. ಧೂಳಿನ ಸಣ್ಣ ಕಣಗಳು ನೂಲಿನ ನಡುವೆ ಸೇರಿ, ನಾವು ತುಳಿದಾಗಲೆಲ್ಲ ನೂಲನ್ನು ಸವೆಸುತ್ತವೆ. ಕಣ್ಣಿಗೆ ಕಾಣದ ಧೂಳಿನ ಹುಳುಗಳೂ ಅಲ್ಲೇ ಬೆಳೆಯುತ್ತವೆ. ದಮ್ಮು, ಸೀನು ಇರುವ ಮಕ್ಕಳಿಗೆ ಇದರಿಂದ ತ್ರಾಸ ಹೆಚ್ಚು. ಆದ್ದರಿಂದ ವಾರಕ್ಕೊಮ್ಮೆ ಹೊರಗೆ ಹಗ್ಗದ ಮೇಲೆ ಹಾಕಿ, ಹಿಂಬದಿಯಿಂದ ಕೋಲಿನಲ್ಲಿ ಬಡೀರಿ. ಮೂಗಿಗೆ ಸೆರಗು ಕಟ್ಟಿಕೊಳ್ರಿ, ಮಕ್ಕಳನ್ನು ದೂರ ಇಡ್ರಿ. ತುದಿ ಹಿಡಿದು ಜೋರಾಗಿ ಝಾಡಿಸಬೇಡ್ರಿ, ಅಂಚಿನ ನೂಲು ಹರಿತದ. ಬಿಸಿಲಿಗೆ ಹಾಕುವಾಗ ಹಿಂಬದಿ ಮೇಲೆ ಮಾಡಿ ಹಾಸಿದರೆ ಬಣ್ಣ ಮಾಸುವುದಿಲ್ಲ.

ಎರಡನೆಯದು ಕಲೆ. ಚಹಾ ಚೆಲ್ಲಿದರೆ ತಕ್ಷಣ ಒಣ ಬಟ್ಟೆ ಒತ್ತಿ ಹೀರಿಸಬೇಕು, ಉಜ್ಜಬಾರದು. ಅಂಚಿನಿಂದ ನಡುವಿಗೆ ಬರ್ರಿ, ಇಲ್ಲದಿದ್ದರೆ ಕಲೆ ಹರಡ್ತದ. ಎಣ್ಣೆ ಬಿದ್ದರೆ ಕಡಲೆಹಿಟ್ಟು ಉದುರಿಸಿ, ಒಂದು ತಾಸು ಬಿಟ್ಟು ಝಾಡಿಸ್ರಿ. ಅರಿಶಿನದ ಕಲೆಗೆ ಸಾಬೂನು ತಾಗಿದ ಕೂಡಲೇ ಕೆಂಪಾಗ್ತದೆ, ಹೆದರಬೇಡಿ. ಚೆನ್ನಾಗಿ ನೀರಿನಲ್ಲಿ ತೊಳೆದು, ಆ ಜಾಗಕ್ಕೆ ಮಾತ್ರ ಬಿಸಿಲು ತಾಗಿಸಿದರೆ ಕಲೆ ತೆಳುವಾಗ್ತದೆ.

ಒಂದು ಮಾತು ಎಲ್ಲರೂ ನೆನಪಿಡಬೇಕು. ಬ್ಲೀಚಿಂಗ್ ಪುಡಿಯ ಜತೆ ಸಂಡಾಸ ತೊಳೆಯುವ ಆ್ಯಸಿಡ್ ಬೆರೆಸಿದರೆ ವಿಷದ ಗಾಳಿ ಏಳ್ತದೆ. ಮಗು ಉಚ್ಚೆ ಹೊಯ್ದ ಜಾಗಕ್ಕೆ ಬ್ಲೀಚಿಂಗ್ ಹಾಕಿದರೂ ಕೆಟ್ಟ ಹೊಗೆ ಬರಬಹುದು. ಅಲ್ಲಿ ತಣ್ಣೀರು ಸಾಕು. ನಮ್ಮಲ್ಲಿ ಎಷ್ಟೋ ಜನ ಬೇರೆಯವರ ಮನೆಗೆಲಸಕ್ಕೆ ಹೋಗ್ತೀವಿ. ಮನೆಯೊಡತಿ ಎರಡನ್ನೂ ಸೇರಿಸಿ ಹಾಕು ಅಂದರೆ, 'ಬ್ಯಾಡ್ರಿ ಅಕ್ಕಾರ, ಉಸಿರು ಕಟ್ತದ' ಅಂತ ಹೇಳುವ ಧೈರ್ಯ ನಮಗೆ ಬೇಕು. ಕೂಲಿಗಿಂತ ಜೀವ ದೊಡ್ಡದು.

ಮೂರನೆಯದು ತೊಳೆಯುವುದು. ಮೊದಲು ಒದ್ದೆ ಬಿಳಿ ಬಟ್ಟೆಯನ್ನು ಒಂದು ಮೂಲೆಗೆ ಒತ್ತಿ ನೋಡ್ರಿ. ಬಣ್ಣ ಹತ್ತಿದರೆ ನೀರಿನಲ್ಲಿ ನೆನೆಹಾಕಬೇಡಿ. ಹತ್ತದಿದ್ದರೆ ತಣ್ಣೀರು, ಸೌಮ್ಯ ಸಾಬೂನು ಸಾಕು. ಕಂಬಳಿಗೆ ಬಿಸಿನೀರು ಬೇಡವೇ ಬೇಡ, ಉಣ್ಣೆ ಗಂಟುಕಟ್ಟಿ ಕುಗ್ಗುತ್ತದೆ. ಒದ್ದೆ ಜಮಖಾನೆ ಬಹಳ ಭಾರ, ಇಬ್ಬರು ಸೇರಿ ಎತ್ತಿರಿ.

ಕೊನೆಯದು ಇಡುವ ರೀತಿ. ಮಡಚಿದ ಗೆರೆಯಲ್ಲೇ ನೂಲು ಸವೆಯುತ್ತದೆ, ಅದಕ್ಕೆ ಸುರುಳಿ ಸುತ್ತಿ ಇಡ್ರಿ. ಹಸಿ ಇದ್ದಾಗ ಸುತ್ತಿದರೆ ಬೂಷ್ಟು ಹಿಡಿದು ಮುಗ್ಗಲು ವಾಸನೆ ಬರ್ತದೆ. ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಇಡಬೇಕು. ನುಸಿ ಗುಳಿಗೆ ಬಳಸುವವರು ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ರಿ, ನುಂಗಿದರೆ ವಿಷ.

ಅಕ್ಕಂದಿರೆ, ಒಬ್ಬಳೇ ತೊಳೆದು ಒಬ್ಬಳೇ ಹೊರಬೇಕು ಅಂದರೆ ಅದು ಸಂಘ ಅಲ್ಲ. ಇಂದೇ ಒಂದು ವಹಿ ಮಾಡೋಣ. ಜಮಖಾನೆ ಯಾರು ಒಯ್ದರು, ಯಾವ ಸ್ಥಿತಿಯಲ್ಲಿ ತಂದರು, ಈ ತಿಂಗಳ ಪಾಳಿ ಯಾರದು ಎಂದು ಬರೆಯೋಣ. ಹಸಿಯಾಗಿ ತಂದರೆ ಒಣಗಿಸಿ ಕೊಡುವ ಜವಾಬ್ದಾರಿ ಒಯ್ದವರದೇ, ಅಧ್ಯಕ್ಷೆಯಾದರೂ ಸರಿ. ಎಲ್ಲರಿಗೂ ಒಂದೇ ನಿಯಮವಿದ್ದರೆ ಜಗಳ ಇರುವುದಿಲ್ಲ, ಜಮಖಾನೆಯೂ ಬಾಳಿಕೆ ಬರ್ತದೆ.