ಪ್ಯಾರಿಸ್ಸಿಗೆ ಹೋಗಿಬಂದ ಗೆರೆ

ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣು ಕಲಸಿ ಎತ್ತು ಮಾಡಿದ ಕೈಗಳು ನಮ್ಮ ನವಲಗುಂದ, ಅಣ್ಣಿಗೇರಿ ಕಡೆ ಬೇಕಾದಷ್ಟಿವೆ. ಉಡುಪಿಯ ಹತ್ತಿರ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಒಬ್ಬ ಹುಡುಗನ ಮನೆಯಲ್ಲೂ ಮಣ್ಣೇ ಮೊದಲ ಪಾಠ. ತಂದೆ ಚೌತಿಗೆ ಗಣಪತಿ ಮಾಡುತ್ತಿದ್ದರು, ಮಗ ನೋಡುತ್ತಿದ್ದ. ಆ ಹುಡುಗನೇ ಮುಂದೆ ಕೆ.ಕೆ. ಹೆಬ್ಬಾರ ಎಂದು ಹೆಸರಾದ ಕಲಾವಿದ.

ಚಿತ್ರ ಕಲಿಯಬೇಕೆಂದು ಅವರು ಮುಂಬಯಿ ಹಿಡಿದರು. ಅಲ್ಲಿ ಮೊದಲು ಕೈ ಹಿಡಿದದ್ದು ಜಿ.ಎಸ್. ದಂಡಾವತಿಮಠ ಅವರ ನೂತನ ಕಲಾಮಂದಿರ. ಹೆಸರು ಕೇಳಿದರೇ ಸಾಕು, ನಮ್ಮ ಕಡೆಯ ಮನೆತನದ ವಾಸನೆ ಬರುತ್ತದೆ! ಆಮೇಲೆ ಸರ್ ಜೆ.ಜೆ. ಕಲಾಶಾಲೆ, 1938ರಲ್ಲಿ ಡಿಪ್ಲೊಮಾ, ಮುಂದೆ ಅಲ್ಲಿಯೇ ಮಾಸ್ತರಿಕೆ.

ಇಲ್ಲಿಗೆ ನಿಲ್ಲಬಹುದಿತ್ತು. ಆದರೆ ಮಾಸ್ತರ ಮತ್ತೆ ಶಾಲೆಗೆ ಹೊರಟರು. 1949ರಲ್ಲಿ, 38ರ ವಯಸ್ಸಿನಲ್ಲಿ, ಪ್ಯಾರಿಸ್ಸಿನ ಅಕಾಡೆಮಿ ಜೂಲಿಯನ್ ಸೇರಿದರು. 1868ರಲ್ಲಿ ಶುರುವಾದ ಈ ಖಾಸಗಿ ಶಾಲೆ, ಸರಕಾರಿ ಕಲಾಶಾಲೆ ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯುವ ಮೊದಲೇ ಅವರನ್ನು ಸೇರಿಸಿಕೊಂಡಿತ್ತು. ಪರದೇಶದವರಿಗೂ ಅಲ್ಲಿ ಜಾಗ ಇತ್ತು. 1891ರಲ್ಲಿ ಅಮೆರಿಕದಿಂದ ಬಂದ ಕಪ್ಪು ವರ್ಣದ ಕಲಾವಿದ ಹೆನ್ರಿ ಒಸಾವಾ ಟ್ಯಾನರ್ ಕಲಿತದ್ದೂ ಅಲ್ಲೇ. ತನ್ನ ನಾಡಿನ ವರ್ಣಭೇದಕ್ಕೆ ಬೇಸತ್ತು ಟ್ಯಾನರ್ ಫ್ರಾನ್ಸಿನಲ್ಲೇ ನೆಲೆನಿಂತ; 1937ರಲ್ಲಿ ಸತ್ತದ್ದೂ ಪ್ಯಾರಿಸ್ಸಿನಲ್ಲಿ.

ಹೆಬ್ಬಾರರಿಗೆ ಊರು ಬಿಡುವ ಅಂಥ ಕಾರಣ ಇರಲಿಲ್ಲ, ಬೇಗ ತಿರುಗಿ ಬಂದರು. ಅಲ್ಲಿಯ ಬಣ್ಣಗಾರಿಕೆ ಕಲಿತರು, ಸರಿ. ಆದರೆ ಅದಕ್ಕೂ ಮೊದಲೇ ಅಜಂತಾದ ಗೋಡೆಗಳು, ಜೈನ ಹಸ್ತಪ್ರತಿಯ ಚಿತ್ರಗಳು, ಅಮೃತಾ ಶೇರ್‌ಗಿಲ್‌ರ ಬಣ್ಣಗಳು ಅವರ ಕಣ್ಣನ್ನು ಹದಗೊಳಿಸಿದ್ದವು. ಪ್ಯಾರಿಸ್ ಅದಕ್ಕೆ ಸಾಣೆ ಹಿಡಿಯಿತು ಎನ್ನುತ್ತೇನೆ ನಾನು. ಹೊಸ ಕಣ್ಣು ಕೊಟ್ಟಿತು ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ.

ಅವರ ನಿಜವಾದ ಆಸ್ತಿ ಗೆರೆ. ಲಯ ಅಂದರೇನು ಎಂದು ಮೈಯಿಂದಲೇ ತಿಳಿಯಬೇಕೆಂದು ಈ ಚಿತ್ರಕಾರ ಕಥಕ್ ಕಲಿತರು! ನೋಡಿ, ಕುಂಚ ಹಿಡಿಯುವವನಿಗೆ ಕಾಲಿನ ತತ್ಕಾರ ಯಾಕೆ ಬೇಕು? ಅವರ ರೇಖಾಚಿತ್ರದ ನರ್ತಕಿಯನ್ನು ನೋಡಿದರೆ ಉತ್ತರ ಸಿಗುತ್ತದೆ. ಒಂದೇ ಗೆರೆ ಹೆಗಲಿನಿಂದ ಹೊರಟು, ಸೊಂಟ ತಿರುಗಿ, ಪಾದಕ್ಕೆ ಬಂದು ಗಕ್ಕನೆ ನಿಲ್ಲುತ್ತದೆ. ಆ ರೇಖಾಚಿತ್ರಗಳ ಪುಸ್ತಕಕ್ಕೆ ಅವರು ಇಟ್ಟ ಹೆಸರಿನ ಅರ್ಥ 'ಹಾಡುವ ಗೆರೆ'.

1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಬಂದವು. 1996ರಲ್ಲಿ ಮುಂಬಯಿಯಲ್ಲಿ ತೀರಿಕೊಂಡರು. ಬೆಂಗಳೂರಿಗೆ ಹೋದಾಗ ಚಿತ್ರಕಲಾ ಪರಿಷತ್ತಿನಲ್ಲಿ ಅವರ ಚಿತ್ರಗಳನ್ನು ನೋಡಿ ಬನ್ನಿ. ಮಕ್ಕಳನ್ನೂ ಕರಕೊಂಡು ಹೋಗಿ, ಮಣ್ಣೆತ್ತು ಮಾಡುವ ವಯಸ್ಸಿನವರನ್ನು.