ವಿದ್ಯಾರ್ಥಿಯ ಲಕ್ಷ್ಯವೂ ಹಿರಿಯರ ಹೊಣೆಯೂ

(ಶಿಕ್ಷಕರೂ ಪಾಲಕರೂ ನೆರೆದ ಸಭೆಯಲ್ಲಿ ಮಾಡಿದ ಭಾಷಣ)



ಪರೀಕ್ಷೆಯ ಕಾಲವು ಸಮೀಪಿಸಿತೆಂದರೆ ನಮ್ಮ ಊರುಗಳಲ್ಲಿ ಮನೆಮನೆಗೂ ಒಂದು ಮಾತು ಕೇಳಿಬರುವದು: "ಹುಡುಗ ಜಾಣನೇನೋ ಹೌದು, ಆದರೆ ಅವನ ಲಕ್ಷ್ಯ ಒಂದು ಕಡೆಗೆ ನಿಲ್ಲುವದಿಲ್ಲ." ತಂದೆಯು ಇದನ್ನು ಮಾಸ್ತರರಿಗೆ ಹೇಳುವನು, ಮಾಸ್ತರರು ಅದನ್ನೇ ತಿರುಗಿ ತಂದೆಗೆ ಹೇಳುವರು, ಇಬ್ಬರೂ ಕೂಡಿ ಹುಡುಗನಿಗೆ ಹೇಳುವರು. ಅವನು ತಲೆ ತಗ್ಗಿಸಿ ನಿಲ್ಲುವನು. ಎರಡು ಮೂರು ವರ್ಷ ಹೀಗೆಯೇ ನಡೆದ ಬಳಿಕ ತಾನು ದಡ್ಡನೆಂದು ಅವನು ತಾನೇ ನಂಬತೊಡಗುವನು. ಹತ್ತನೆಯ ಇಯತ್ತೆಯಲ್ಲಿ ಒಮ್ಮೆ ನಪಾಸಾದನೆಂದರೆ ಮತ್ತೆ ಶಾಲೆಯ ಕಡೆಗೆ ಮೋರೆ ಹಾಕುವದಿಲ್ಲ. ಹೀಗೆ ಕಳೆದುಹೋದ ಒಂದಿಬ್ಬರು ಮಕ್ಕಳ ಹೆಸರು ಇಲ್ಲಿ ಕುಳಿತ ಪ್ರತಿಯೊಬ್ಬ ಶಿಕ್ಷಕರ ನೆನಪಿನಲ್ಲಿಯೂ ಇದ್ದೀತು.

ಆದುದರಿಂದ ಇಂದು ನಾವು ಮಾತಾಡಬೇಕೆಂದಿರುವ ವಿಷಯವು ಬರಿಯ ಅಂಕ ಗಳಿಸುವ ಉಪಾಯವಲ್ಲ. ಲಕ್ಷ್ಯವೆಂಬದು ಏನು? ಅದು ಹುಟ್ಟಿನಿಂದ ಬರುವದೋ, ರೂಢಿಯಿಂದ ಬರುವದೋ? ಅದು ಚೆದುರಿದಲ್ಲಿ ಹೊಣೆ ಹುಡುಗನದೊಂದೇಯೋ, ನಮ್ಮದೂ ಉಂಟೋ? ಇದನ್ನು ನಾವೆಲ್ಲರೂ ಶಾಂತಚಿತ್ತದಿಂದ ವಿಚಾರಿಸಬೇಕಾಗಿದೆ.

ಇದಕ್ಕೆ ದೃಷ್ಟಾಂತವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಅವಧಾನವೆಂದರೆ ಲಕ್ಷ್ಯವೆಂದೇ ಅರ್ಥ. ನಮ್ಮ ಕಾಲದಲ್ಲಿ ಶತಾವಧಾನಿ ಆರ್. ಗಣೇಶರು ಸಾವಿರಕ್ಕೂ ಮಿಕ್ಕಿ ಅವಧಾನಗಳನ್ನು ನಡೆಸಿ ಕನ್ನಡದಲ್ಲಿ ಆ ಕಲೆಗೆ ಹೊಸ ಜೀವ ತುಂಬಿದ್ದಾರೆ. ಅಷ್ಟಾವಧಾನದಲ್ಲಿ ಅವಧಾನಿಯ ಸುತ್ತಲೂ ಎಂಟು ಜನ ಪೃಚ್ಛಕರು ಕುಳಿತಿರುವರು. ಒಬ್ಬರು ಹೆಜ್ಜೆಹೆಜ್ಜೆಗೆ ಒಂದೊಂದು ಅಕ್ಷರವನ್ನು ನಿಷೇಧಿಸುತ್ತ ಪದ್ಯ ಹೇಳಿಸುವರು. ಇನ್ನೊಬ್ಬರು ತಾವು ಕೊಟ್ಟ ಪದಗಳನ್ನು ಸೇರಿಸಿ ಪದ್ಯ ಕಟ್ಟೆನ್ನುವರು. ಮತ್ತೊಬ್ಬರು ಸಮಸ್ಯೆಯನ್ನು ಒಡ್ಡುವರು. ಇವರೆಲ್ಲರಿಗಿಂತ ಕಠಿಣನಾದವನು ಅಪ್ರಸ್ತುತ ಪ್ರಸಂಗಿ. ಪದ್ಯವು ಬಾಯಿಗೆ ಬರುವ ಹೊತ್ತಿಗೆ ಸರಿಯಾಗಿ ಊರ ಹರಟೆಯನ್ನೋ ಹಾಸ್ಯದ ಪ್ರಶ್ನೆಯನ್ನೋ ನಡುವೆ ತೂರಿಸಿ ಲಕ್ಷ್ಯವನ್ನು ಕೆಡಿಸುವದೇ ಅವನ ಕೆಲಸ.

ನೋಡುವ ಜನರು, ಈತನು ಎಂಟು ಕೆಲಸಗಳನ್ನು ಏಕಕಾಲಕ್ಕೆ ಮಾಡುತ್ತಿರುವನೆಂದು ಬೆರಗಾಗುವರು. ಸೂಕ್ಷ್ಮವಾಗಿ ನೋಡಿದರೆ ಹಾಗಿಲ್ಲ. ಅವಧಾನಿಯು ಒಬ್ಬ ಪೃಚ್ಛಕರಿಗೆ ಪದ್ಯದ ಒಂದು ಪಾದವನ್ನು ಹೇಳಿ, ಆ ಎಳೆಯನ್ನು ಅಲ್ಲಿಯೇ ಗಂಟು ಹಾಕಿಟ್ಟು, ಮುಂದಿನವರ ಕಡೆಗೆ ತಿರುಗುವನು. ಸುತ್ತು ಮುಗಿದು ಮತ್ತೆ ಮೊದಲಿನವರ ಬಳಿಗೆ ಬಂದಾಗ ಬಿಟ್ಟಲ್ಲಿಂದಲೇ ಎಳೆಯನ್ನು ಹಿಡಿಯುವನು. ಹೀಗೆ ಸುತ್ತು ಸುತ್ತಿಗೆ ಒಂದೊಂದು ಪಾದವಾಗಿ ಪದ್ಯಗಳು ಪೂರ್ತಿಯಾಗುವವು. ಕೊನೆಗೆ ಎಲ್ಲವನ್ನೂ ನೆನಪಿನಿಂದ ಒಪ್ಪಿಸುವನು. ಅದಕ್ಕೆ ಧಾರಣೆಯೆಂದು ಹೆಸರು. ಅಪ್ರಸ್ತುತ ಪ್ರಸಂಗಿ ನಡುವೆ ಬಾಯಿ ಹಾಕಿದರೆ ಅವನಿಗೂ ಚುಟುಕಾಗಿ ಉತ್ತರ ಕೊಟ್ಟು ಅವಧಾನಿಯು ತನ್ನ ಪದ್ಯಕ್ಕೆ ಮರಳುವನು. ಅಂದ ಮೇಲೆ ಅವನ ಹೆಚ್ಚಳವು ಮನಸ್ಸು ಅತ್ತಿತ್ತ ಹೋಗದಿರುವದರಲ್ಲಿ ಇಲ್ಲ. ಹೋದ ಮನಸ್ಸನ್ನು ಕೂಡಲೇ ಹಿಂದಕ್ಕೆ ತರುವದರಲ್ಲಿ ಇದೆ.

ಗೀತೆಯ ಆರನೆಯ ಅಧ್ಯಾಯದಲ್ಲಿ ಅರ್ಜುನನು, ಮನಸ್ಸನ್ನು ನಿಲ್ಲಿಸುವದು ಗಾಳಿಯನ್ನು ಹಿಡಿದಂತೆ ಕಷ್ಟವೆಂದು ದೂರುವನು. ಕೃಷ್ಣನು ಅದನ್ನು ಅಲ್ಲಗಳೆಯಲಿಲ್ಲ. ಅರ್ಜುನನನ್ನು ದಡ್ಡನೆಂದು ಜರೆಯಲೂ ಇಲ್ಲ. ಅಭ್ಯಾಸದಿಂದಲೂ ವೈರಾಗ್ಯದಿಂದಲೂ ಅದು ಸಾಧ್ಯವೆಂದು ದಾರಿ ತೋರಿಸಿದನು. ಅಮೇರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸರು 1890ರ ತಮ್ಮ ಮಹಾಗ್ರಂಥದಲ್ಲಿ ಹೆಚ್ಚು ಕಡಿಮೆ ಇದೇ ಅಭಿಪ್ರಾಯಕ್ಕೆ ಬಂದರು. ಬುದ್ಧಿಪೂರ್ವಕವಾಗಿ ಹಿಡಿದ ಲಕ್ಷ್ಯವು ಒಮ್ಮೆಗೆ ಕೆಲವು ಸೆಕೆಂಡುಗಳಿಗಿಂತ ಹೆಚ್ಚು ನಿಲ್ಲದೆಂದೂ, ದೀರ್ಘ ಲಕ್ಷ್ಯವೆಂದು ನಾವು ಕರೆಯುವದು ಮತ್ತೆ ಮತ್ತೆ ಮನಸ್ಸನ್ನು ಎಳೆದು ತರುವ ಕೆಲಸವೇ ಎಂದೂ ಅವರು ವಿವರಿಸಿದರು. ಈ ಕಾಲದ ಮನುಷ್ಯನ ಲಕ್ಷ್ಯವು ಮೀನಿನ ಲಕ್ಷ್ಯಕ್ಕಿಂತಲೂ ಕಿರಿದಾಗಿದೆಯೆಂಬ ಮಾತು ಇತ್ತೀಚೆಗೆ ಎಲ್ಲೆಡೆಗೂ ಹಬ್ಬಿತ್ತು. ಅದಕ್ಕೆ ಶಾಸ್ತ್ರೀಯ ಆಧಾರವಿಲ್ಲ. ನಮ್ಮ ಮಕ್ಕಳು ಲಕ್ಷ್ಯವನ್ನು ಕಳಕೊಂಡಿಲ್ಲ. ಮರಳುವ ರೂಢಿಯನ್ನು ನಾವು ಅವರಿಗೆ ಕಲಿಸಿಲ್ಲ, ಅಷ್ಟೇ.

ಕಲಿಸದೆ ಬಿಟ್ಟುದಲ್ಲದೆ ಇನ್ನೊಂದು ಅನ್ಯಾಯವನ್ನೂ ಮಾಡಿದ್ದೇವೆ. ಅವಧಾನಿಯು ವರ್ಷಗಟ್ಟಲೆ ಸಾಧನೆ ಮಾಡಿ ಅಪ್ರಸ್ತುತ ಪ್ರಸಂಗಿಯನ್ನು ಎದುರಿಸುವನು, ಅದೂ ಒಬ್ಬನನ್ನು. ನಾವಾದರೋ ಹನ್ನೆರಡು ವರ್ಷದ ಕೂಸಿನ ಮಗ್ಗುಲಿಗೆ ಅಂಥ ಹತ್ತು ಜನರನ್ನು ಕೂರಿಸಿದ್ದೇವೆ. ಒಂದು ಮೂಲೆಯಲ್ಲಿ ದೂರದರ್ಶನದ ಗದ್ದಲ, ಇನ್ನೊಂದು ಮೂಲೆಯಲ್ಲಿ ಬಂದವರ ಹರಟೆ, ಪುಸ್ತಕದ ಪಕ್ಕದಲ್ಲಿಯೇ ಕ್ಷಣಕ್ಕೊಮ್ಮೆ ಮಿಣುಕುವ ಮೊಬೈಲು. ಇಷ್ಟರ ನಡುವೆ ಕೂತು "ಲಕ್ಷ್ಯವಿಟ್ಟು ಓದು" ಎಂದು ಗದರಿಸುವವರೂ ನಾವೇ.

ಇದರಿಂದ ಆಗುವ ಹಾನಿಯನ್ನು ಶಾಸ್ತ್ರಜ್ಞರು ಅಳೆದು ನೋಡಿದ್ದಾರೆ. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ಮನಸ್ಸಿನ ಒಂದಂಶವು ಹಿಂದಿನ ಕೆಲಸದಲ್ಲಿಯೇ ಅಂಟಿಕೊಂಡಿರುವದೆಂದು ಸೋಫಿ ಲೆರಾಯ್ ಎಂಬ ವಿದುಷಿಯು 2009ರಲ್ಲಿ ತೋರಿಸಿದರು. ಅದೇ ವರ್ಷ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು, ಏಕಕಾಲಕ್ಕೆ ಹಲವು ಮಾಧ್ಯಮಗಳಲ್ಲಿ ಕಣ್ಣಾಡಿಸುವವರನ್ನು ಪರೀಕ್ಷಿಸಿದರು. ಇಂಥವರು ಬೇಡವಾದುದನ್ನು ಬದಿಗೊತ್ತುವದರಲ್ಲಿ ಉಳಿದವರಿಗಿಂತ ಹಿಂದೆಯೇ ಬಿದ್ದರು. ಎರಡು ದೋಣಿಯಲ್ಲಿ ಕಾಲಿಟ್ಟವನ ಗತಿಯನ್ನು ನಮ್ಮ ಹಿರಿಯರು ಮೊದಲೇ ಬಲ್ಲವರಾಗಿದ್ದರು.

ಇನ್ನು ವಿದ್ಯಾರ್ಥಿಯು ಮಾಡಬೇಕಾದುದೇನು? ನಾಲ್ಕು ಮಾತುಗಳನ್ನು ಹೇಳುವೆವು.

ಮೊದಲನೆಯದು, ಕಾಲದ ಮಿತಿ. ಆರು ತಾಸು ಓದುವೆನೆಂದು ಶಪಥ ಮಾಡಿ ಕೂಡುವದು ವ್ಯರ್ಥ. ಎರಡನೆಯ ಮಹಾಯುದ್ಧದಲ್ಲಿ ರಾಡಾರ್ ಯಂತ್ರವನ್ನು ಕಾಯುವ ಯೋಧರು ಏಕೆ ತಪ್ಪುವರೆಂಬದನ್ನು ಇಂಗ್ಲಂಡದ ನಾರ್ಮನ್ ಮ್ಯಾಕ್‌ವರ್ತ್ ಪರೀಕ್ಷಿಸಿ 1948ರಲ್ಲಿ ಪ್ರಕಟಿಸಿದರು. ಗಡಿಯಾರದ ಮುಳ್ಳೊಂದನ್ನು ಎರಡು ತಾಸು ನೋಡುತ್ತ ಕುಳಿತ ತರುಣರು ಮೊದಲ ಅರ್ಧ ತಾಸು ಕಳೆಯುವಷ್ಟರಲ್ಲಿಯೇ ತಪ್ಪತೊಡಗಿದರು. ಸೈನಿಕರ ಪಾಡೇ ಹೀಗಿರುವಾಗ ಬಾಲಕರ ಮಾತೇನು? ಇಟಲಿಯ ಫ್ರಾಂಚೆಸ್ಕೊ ಚಿರಿಲ್ಲೊ ಎಂಬವರು 1980ರ ದಶಕದ ಕೊನೆಯಲ್ಲಿ, ತಾವು ವಿದ್ಯಾರ್ಥಿಯಾಗಿದ್ದಾಗ, ಅಡಿಗೆಮನೆಯ ಗಡಿಯಾರವೊಂದನ್ನು ಮುಂದಿಟ್ಟುಕೊಂಡು ಒಂದು ನೇಮ ಮಾಡಿಕೊಂಡರು. 25 ನಿಮಿಷ ಒಂದೇ ಕೆಲಸ; ಬಳಿಕ 5 ನಿಮಿಷ ವಿಶ್ರಾಂತಿ. ಚಿಕ್ಕ ಮಕ್ಕಳು 10 ನಿಮಿಷದಿಂದ ಆರಂಭಿಸಲಿ, ವಾರಕ್ಕಿಷ್ಟೆಂದು ಬೆಳೆಸಲಿ. ಆ ವಿಶ್ರಾಂತಿಯಲ್ಲಿ ನೀರು ಕುಡಿಯಲಿ, ಅಂಗಳದಲ್ಲಿ ಅಡ್ಡಾಡಲಿ. ಮೊಬೈಲನ್ನು ಮಾತ್ರ ಮುಟ್ಟದಿರಲಿ.

ಎರಡನೆಯದು, ಮರಳುವ ಸಾಧನ. ಓದುವಾಗ ಮಗ್ಗುಲಲ್ಲಿ ಒಂದು ತುಂಡು ಕಾಗದ ಇರಲಿ. ನಡುವೆ "ಗೆಳೆಯನಿಗೆ ವಹಿ ಕೊಡಬೇಕಿತ್ತು" ಎಂಬಂಥ ವಿಚಾರ ಬಂದರೆ ಎರಡು ಶಬ್ದ ಗೀಚಿಟ್ಟು ಪುಸ್ತಕಕ್ಕೆ ಹಿಂತಿರುಗಲಿ. ಅಪ್ರಸ್ತುತ ಪ್ರಸಂಗಿಗೆ ಅವಧಾನಿಯು ಕೊಡುವ ಚುಟುಕು ಉತ್ತರವೇ ಇದು.

ಮೂರನೆಯದು, ಪುಸ್ತಕ ಮುಚ್ಚಿ ಒಪ್ಪಿಸುವದು. ಒಂದೇ ಪುಟದ ಮೇಲೆ ಹತ್ತು ಸಲ ಕಣ್ಣಾಡಿಸುವಾಗ ಮನಸ್ಸು ಮೆಲ್ಲಗೆ ಜಾರುವದು. ಒಪ್ಪಿಸುವಾಗ ಜಾರಲು ಆಸ್ಪದವಿಲ್ಲ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಅಮೇರಿಕದ ವಿದ್ವಾಂಸರು 2006ರಲ್ಲಿ ಈ ಕುರಿತು ಪ್ರಯೋಗ ಮಾಡಿದರು. ಐದು ನಿಮಿಷದ ತರುವಾಯ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ತರುವಾಯ ಕೇಳಿದಾಗ, ನೆನೆನೆನೆದು ಬರೆದವರು ಅವರನ್ನು ಹಿಂದಿಕ್ಕಿದರು. ಸಂಜೆಯ ದೀಪದ ಮುಂದೆ ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದ ನಮ್ಮ ಅಜ್ಜಂದಿರು ಈ ಮರ್ಮವನ್ನು ಪ್ರಯೋಗಶಾಲೆಯಿಲ್ಲದೆಯೇ ಅರಿತಿದ್ದರು.

ನಾಲ್ಕನೆಯದು, ಹಂಚಿ ಓದುವದೂ ನಿದ್ರೆಯೂ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾವೇ ಬಾಯಿಪಾಠ ಮಾಡಿ, ಮರೆವಿನ ಬಗೆಯನ್ನು ಅಳೆದು 1885ರಲ್ಲಿ ಪ್ರಕಟಿಸಿದರು. ಒಂದೇ ದಿನ ತುರುಕಿದ ಪಾಠಕ್ಕಿಂತ ಹಲವು ದಿನಗಳಿಗೆ ಹಂಚಿದ ಪಾಠವು ಕಡಿಮೆ ಶ್ರಮದಲ್ಲಿ ನಿಲ್ಲುವದೆಂದು ಅವರು ಕಂಡುಕೊಂಡರು. 13ರಿಂದ 18 ವರ್ಷದ ಮಕ್ಕಳಿಗೆ ದಿನಕ್ಕೆ 8ರಿಂದ 10 ತಾಸು ನಿದ್ರೆ ಬೇಕೆಂದು ವೈದ್ಯರು ಹೇಳುವರು. ನಿದ್ರೆ ಕೆಟ್ಟು ಓದಿದ ರಾತ್ರಿಯ ಸಾಲವನ್ನು ಮರುದಿನದ ತರಗತಿಯು ತೀರಿಸಬೇಕಾಗುವದು.

ಇಷ್ಟು ಹುಡುಗರ ಪಾಲಿನದು. ಇನ್ನು ನಮ್ಮ ಪಾಲಿನದು.

ಪಾಲಕರಲ್ಲಿ ನಮ್ಮ ಬಿನ್ನಹವಿಷ್ಟೇ. ಎಲ್ಲರ ಮನೆಯಲ್ಲಿಯೂ ಅಭ್ಯಾಸದ ಕೋಣೆ ಇರುವದಿಲ್ಲ. ಒಂದೇ ಖೋಲಿಯಲ್ಲಿ ಆರು ಜನ ಇರುವ ಮನೆಗಳೇ ಬಹಳ. ಆದರೆ ಕೋಣೆ ಇಲ್ಲದ ಮನೆಯಲ್ಲಿಯೂ ಒಂದು ತಾಸಿನ ಮೌನವನ್ನು ಕೊಡಲು ಬರುವದು. ದೀಪ ಹಚ್ಚಿದ ಮೇಲೆ ಒಂದು ತಾಸು ದೂರದರ್ಶನ ಬಂದಾಗಲಿ. ಮನೆಯ ಮೊಬೈಲುಗಳೆಲ್ಲ ದೇವರ ಗೂಡಿನ ಬಳಿಯೋ ಅಡಿಗೆಮನೆಯಲ್ಲಿಯೋ ಕೂಡ್ರಲಿ, ತಂದೆಯದೂ ಸಹ. ತಾನು ಬೆರಳಾಡಿಸುತ್ತ ಮಗನಿಗೆ ಬುದ್ಧಿ ಹೇಳುವ ತಂದೆಯ ಮಾತು ಎಷ್ಟು ನಾಟೀತು? ಆ ತಾಸಿನಲ್ಲಿ ಮಗಳಿಗೆ ನೀರು ತರುವ, ಪಾತ್ರೆ ಬೆಳಗುವ ಕೆಲಸವನ್ನು ಹೇಳದಿರಿ. ಹುಡುಗಿಯ ಲಕ್ಷ್ಯವನ್ನು ಮೊಬೈಲಿಗಿಂತ ಹೆಚ್ಚಾಗಿ ನಮ್ಮ ಕೂಗೇ ಮುರಿಯುತ್ತಿರುವದು.

ಶಿಕ್ಷಕ ಬಂಧುಗಳಲ್ಲಿ ಒಂದು ಪ್ರಾರ್ಥನೆ. "ಲಕ್ಷ್ಯವಿಲ್ಲದವ" ಎಂದು ಹುಡುಗನಿಗೆ ಹಣೆಪಟ್ಟಿ ಹಚ್ಚುವ ಮುಂಚೆ ಮೂರು ಸಂಗತಿಗಳನ್ನು ವಿಚಾರಿಸಿರಿ. ಹಿಂದಿನ ಸಾಲಿನಿಂದ ಹಲಗೆಯ ಮೇಲಿನ ಅಕ್ಷರ ಅವನಿಗೆ ಕಾಣುವದೋ? ಬೆಳಿಗ್ಗೆ ಏನಾದರೂ ಉಂಡು ಬಂದಿರುವನೋ? ರಾತ್ರಿ ನಿದ್ದೆ ಮಾಡಿರುವನೋ? ಹಸಿದ ಹೊಟ್ಟೆಗೆ ವ್ಯಾಕರಣ ರುಚಿಸುವದಿಲ್ಲವೆಂದೇ ನಮ್ಮ ಶಾಲೆಗಳಲ್ಲಿ ಅಕ್ಷರ ದಾಸೋಹವು ನಡೆದಿರುವದು. ಇವೆಲ್ಲ ಸರಿಯಿದ್ದೂ, ಮನೆಯಲ್ಲಿಯೂ ಶಾಲೆಯಲ್ಲಿಯೂ ಬಹುಕಾಲದಿಂದ ಮಗುವಿಗೆ ಒಂದೆಡೆಗೆ ನಿಲ್ಲಲಾಗದಿದ್ದರೆ, ಅದು ವೈದ್ಯರು ನೋಡಬೇಕಾದ ತೊಂದರೆ ಇರಬಹುದು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಮುಂತಾದ ಸಂಸ್ಥೆಗಳು ನಮ್ಮ ನಾಡಿನಲ್ಲಿಯೇ ಇವೆ. ಅಲ್ಲಿಗೆ ಹೋಗುವದರಲ್ಲಿ ನಾಚಿಕೆಯಿಲ್ಲ. ಬೆತ್ತದಿಂದ ಗುಣಪಡಿಸಲು ಹೋಗುವದರಲ್ಲಿ ಇದೆ.

ಇನ್ನೊಂದು ಮಾತನ್ನು ಈ ಕನ್ನಡ ಸಭೆಯಲ್ಲಿ ಆಡದಿರಲಾರೆವು. ಮನುಷ್ಯನು ಒಮ್ಮೆಗೆ ಮನಸ್ಸಿನಲ್ಲಿ ಹಿಡಿದಿಡಬಲ್ಲ ವಿಷಯಗಳು ಬಹಳ ಕೆಲವು. ಕನ್ನಡನಾಡು ಒಂದಾದ 1956ರಲ್ಲಿಯೇ ಜಾರ್ಜ್ ಮಿಲ್ಲರ್ ಎಂಬ ಪಂಡಿತರು ಅವುಗಳ ಸಂಖ್ಯೆ ಸುಮಾರು ಏಳೆಂದರು. 2001ರಲ್ಲಿ ನೆಲ್ಸನ್ ಕೋವನ್ ಎಂಬವರು ಸುಮಾರು ನಾಲ್ಕೇ ಎಂದು ವಾದಿಸಿದರು. ಇಷ್ಟು ಚಿಕ್ಕ ಬುಟ್ಟಿಯಲ್ಲಿ ಎಳೆಯ ಮಗುವು ಪರಭಾಷೆಯ ಶಬ್ದಗಳನ್ನೇ ತುಂಬಿಕೊಂಡರೆ ಲೆಕ್ಕಕ್ಕೂ ವಿಜ್ಞಾನಕ್ಕೂ ಸ್ಥಳವೆಲ್ಲಿ? ಶಬ್ದದೊಡನೆ ಗುದ್ದಾಡಿ ದಣಿದ ಮಗುವನ್ನು ನಾವು ಲಕ್ಷ್ಯಹೀನನೆಂದು ಕರೆಯುತ್ತೇವೆ. ಮೊದಲ ಕಲಿಕೆಯು ತಾಯಿನುಡಿಯಲ್ಲಿ ಆಗಬೇಕೆಂದು 1953ರಲ್ಲಿ ಯುನೆಸ್ಕೋ ಸಂಸ್ಥೆಯೂ ಹೇಳಿತು. ಅದಕ್ಕೆ ಎಷ್ಟೋ ಮೊದಲು, ಮರಾಠಿಯ ಪ್ರಾಬಲ್ಯವಿದ್ದ ಧಾರವಾಡದ ಸೀಮೆಯಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿದ ಡೆಪ್ಯುಟಿ ಚನ್ನಬಸಪ್ಪನವರು ಇದನ್ನು ಕೃತಿಯಿಂದ ತೋರಿಸಿದರು. ಇಂಗ್ಲಿಷನ್ನು ಮಕ್ಕಳು ಅವಶ್ಯವಾಗಿ ಕಲಿಯಲಿ. ಆದರೆ ಕಲಿಯುವದನ್ನು ಕಲಿಯುವದು ತಿಳಿದ ನುಡಿಯಲ್ಲಿ ಆಗಲಿ.

ಬಂಧುಗಳೇ, ಲಕ್ಷ್ಯವೆಂಬದು ವ್ಯಕ್ತಿಗೆ ಮಾತ್ರವಲ್ಲ, ಒಂದು ಜನಾಂಗಕ್ಕೂ ಬೇಕು. 1890ರಲ್ಲಿ ರಾ. ಹ. ದೇಶಪಾಂಡೆಯವರು ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಕಟ್ಟಿದಾಗ ಕನ್ನಡನಾಡು ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹರಿದು ಹಂಚಿಹೋಗಿತ್ತು. ಅದು ಒಂದಾದುದು 1956ರ ನವೆಂಬರ 1ರಂದು. ನಡುವೆ ಕಳೆದವು 66 ವರ್ಷಗಳು. ಎರಡು ಮಹಾಯುದ್ಧಗಳು ಬಂದವು, ಸೆರೆಮನೆಗಳು ತುಂಬಿದವು, ಆಯೋಗಗಳು ಆಸೆ ತೋರಿಸಿ ಮುಂದೂಡಿದವು. ಅಪ್ರಸ್ತುತ ಪ್ರಸಂಗಗಳಿಗೆ ಕಡಿಮೆಯಿರಲಿಲ್ಲ. ಆದರೂ ಆಲೂರ ವೆಂಕಟರಾಯರೂ ಅವರಂಥ ನೂರಾರು ಜನರೂ ಪ್ರತಿಸಲವೂ ಬಿಟ್ಟಲ್ಲಿಂದಲೇ ಎಳೆಯನ್ನು ಹಿಡಿದರು. ಅವರ ಲಕ್ಷ್ಯವು ಒಮ್ಮೆಯೂ ಚೆದುರಲಿಲ್ಲವೆಂದಲ್ಲ, ಚೆದುರಿದಾಗಲೆಲ್ಲ ಮರಳಿತು.

ಆ ಹಿರಿಯರು ಕೂಡಿಸಿಕೊಟ್ಟ ನಾಡಿನಲ್ಲಿ ನಮ್ಮ ಮಕ್ಕಳ ಮನಸ್ಸುಗಳು ಒಡೆದು ಚೂರಾಗದಂತೆ ನೋಡಿಕೊಳ್ಳುವದು ನಮ್ಮ ಪಾಲಿನ ಏಕೀಕರಣ. ಅದಕ್ಕೆ ಸಭೆ ಬೇಡ, ಠರಾವು ಬೇಡ. ಇಂದು ಸಂಜೆ ಮನೆಗೆ ಹೋದ ಮೇಲೆ ಒಂದು ತಾಸು ಮನೆಯನ್ನು ಮೌನವಾಗಿಡಿರಿ. ಹುಡುಗನು ಪುಸ್ತಕದಿಂದ ತಲೆಯೆತ್ತಿ ಎತ್ತಲೋ ನೋಡಿದರೆ ಗದರಿಸಬೇಡಿರಿ. ಅವನು ಮತ್ತೆ ತಲೆ ತಗ್ಗಿಸಿ ಓದತೊಡಗುವ ಗಳಿಗೆಯನ್ನು ಕಾದು ನೋಡಿರಿ. ಲಕ್ಷ್ಯವು ಹುಟ್ಟುವದು ಆ ಗಳಿಗೆಯಲ್ಲಿ.