ಬೂಟು ಹೊಲಿಯುವ ಮಣೆಯಿಂದ ಸಂವಿಧಾನ ಸಭೆಗೆ



ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನಾನು ಕಂಪ್ಯೂಟರ್ ಬಗ್ಗೆ ಮಾತಾಡುತ್ತೇನೆಂದು ನೀವು ಅಂದುಕೊಂಡಿರಬಹುದು. ಇವತ್ತು ನಾನು ಹೇಳುವುದು ಅಮೆರಿಕದ ಒಬ್ಬ ವಕೀಲರ ಕಥೆ. ಅವರ ಹೆಸರು ರೋಜರ್ ಶರ್ಮನ್.

1721ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಹುಟ್ಟಿದ ಶರ್ಮನ್ ತಂದೆಯಿಂದ ಬೂಟು ಹೊಲಿಯುವುದನ್ನು ಕಲಿತರು. ಕಾಲೇಜು ಮೆಟ್ಟಿಲು ಹತ್ತಲಿಲ್ಲ. ತಂದೆ ಬೇಗ ತೀರಿಕೊಂಡು ಮನೆಯ ಭಾರ ಹೆಗಲಿಗೆ ಬಿತ್ತು. ಹೊಲಿಯುವಾಗಲೂ ಎದುರಿಗೆ ಪುಸ್ತಕ ತೆರೆದಿಟ್ಟುಕೊಳ್ಳುತ್ತಿದ್ದರಂತೆ. ಹಾಗೆ ಗಣಿತ ಕಲಿತು ಕನೆಕ್ಟಿಕಟ್‌ನಲ್ಲಿ ಜಮೀನು ಅಳೆಯುವ ಸರ್ವೇಯರ್ ಆದರು. ಗ್ರಹಗತಿಯ ಲೆಕ್ಕ ಹಾಕಿ ಪಂಚಾಂಗ ಪ್ರಕಟಿಸಿದರು. ಕಾನೂನನ್ನೂ ತಾವೇ ಓದಿಕೊಂಡು 1754ರಲ್ಲಿ ವಕೀಲರಾದರು. ಮುಂದೆ ನ್ಯಾಯಾಧೀಶರಾದರು, ನ್ಯೂ ಹೇವನ್ ನಗರದ ಮೊದಲ ಮೇಯರ್ ಆದರು, ಕೊನೆಗೆ ಸೆನೆಟರ್ ಆದರು. 1774ರ ಬ್ರಿಟಿಷ್ ಸರಕು ಬಹಿಷ್ಕಾರದ ಒಪ್ಪಂದ, 1776ರ ಸ್ವಾತಂತ್ರ್ಯ ಘೋಷಣೆ, ರಾಜ್ಯಗಳ ಮೊದಲ ಒಕ್ಕೂಟದ ಕರಾರು, 1787ರ ಸಂವಿಧಾನ, ಈ ನಾಲ್ಕಕ್ಕೂ ಸಹಿ ಹಾಕಿದವರು ಅವರೊಬ್ಬರೇ.

ಸಂವಿಧಾನ ಬರೆಯಲು ಫಿಲಡೆಲ್ಫಿಯಾದಲ್ಲಿ ಸೇರಿದ ಸಭೆ ಒಂದು ಜಗಳದಲ್ಲಿ ಸಿಕ್ಕಿಕೊಂಡಿತು. ದೊಡ್ಡ ರಾಜ್ಯಗಳಿಗೆ ಜನಸಂಖ್ಯೆಯಂತೆ ಸ್ಥಾನ ಬೇಕು. ಚಿಕ್ಕ ರಾಜ್ಯಗಳಿಗೆ ಸಮಪಾಲು ಬೇಕು. ಒಂದು ಸದನ ಜನಸಂಖ್ಯೆಯಂತೆ ಇರಲಿ, ಇನ್ನೊಂದರಲ್ಲಿ ಎಲ್ಲ ರಾಜ್ಯಗಳೂ ಸಮ ಎಂದು ಶರ್ಮನ್ ಜೂನ್ 11ರಂದು ಸೂಚಿಸಿದರು. ಸಮಪಾಲಿನ ಸೂಚನೆ ಮತಕ್ಕೆ ಬಂದು ಸೋತಿತು. 66 ವರ್ಷದ ಆ ಹಿರಿಯರು ಎದ್ದು ಹೋಗಲಿಲ್ಲ, ಮಾತುಕತೆ ಮುಂದುವರಿಸಿದರು. ಜುಲೈ 16ರಂದು ಅದೇ ತಿರುಳಿನ ಒಪ್ಪಂದ ಒಂದೇ ಒಂದು ರಾಜ್ಯದ ಮತದ ಅಂತರದಲ್ಲಿ ಗೆದ್ದಿತು. ಇಂದಿಗೂ ಕ್ಯಾಲಿಫೋರ್ನಿಯಾಕ್ಕೂ ಪುಟ್ಟ ವಯೋಮಿಂಗ್‌ಗೂ ತಲಾ ಇಬ್ಬರೇ ಸೆನೆಟರ್‌ಗಳು. ನಮ್ಮಲ್ಲಿ ಹಾಗಿಲ್ಲ: ರಾಜ್ಯಸಭೆಯಲ್ಲಿ ಕರ್ನಾಟಕಕ್ಕೆ 12 ಸ್ಥಾನ, ಗೋವಾಕ್ಕೆ 1.

ಇಷ್ಟಕ್ಕೇ ಕಥೆ ಮುಗಿಸಿದರೆ ಅರ್ಧ ಸತ್ಯ ಹೇಳಿದಂತೆ. ಅದೇ ಒಪ್ಪಂದದಲ್ಲಿ, ಸ್ಥಾನಗಳ ಲೆಕ್ಕಕ್ಕೆ ಐವರು ಗುಲಾಮರನ್ನು ಮೂವರೆಂದು ಎಣಿಸುವ ಮಾತೂ ಸೇರಿತ್ತು. ಎಣಿಕೆಗೆ ಬಂದ ಆ ಜನರಿಗೆ ಮತವೂ ಇಲ್ಲ, ಬಿಡುಗಡೆಯೂ ಇಲ್ಲ. ರಾಜಿಯ ಬೆಲೆ ತೆತ್ತವರು ಆ ಸಭೆಯಲ್ಲೇ ಇರಲಿಲ್ಲ.

ಮಕ್ಕಳೇ, ನಾಳೆ ನೀವೂ ಪಂಚಾಯಿತಿಯಲ್ಲೋ ಕಚೇರಿಯಲ್ಲೋ ನಾಲ್ಕು ಜನರ ನಡುವೆ ಕೂತು ತೀರ್ಮಾನ ಮಾಡುತ್ತೀರಿ. ನಿಮ್ಮ ಮಾತು ಮೊದಲ ಸಲ ಬಿದ್ದುಹೋದರೆ ಶರ್ಮನ್‌ರಂತೆ ಕೂತೇ ಇರಿ. ಎಲ್ಲರೂ ಒಪ್ಪಿ ಸಹಿ ಹಾಕುವ ಹೊತ್ತಿಗೆ, ಇಲ್ಲಿಗೆ ಬರಲಾಗದವರು ಯಾರು ಎಂದು ಒಮ್ಮೆ ಕೇಳಿ.